ಮೆದುಳಿನ ಮೇಲೊಂದು ಕೊಸರು

ನರವಿಜ್ಞಾನ ಓದುವ ಹುಡುಗಿ ಮೆದುಳು ಕಂಡರೆ ತಲೆಸುತ್ತಿ ಬೀಳುತ್ತಾಳೆ ಎಂದರೆ ಯಾರು ತಾನೇ ನಗುವುದಿಲ್ಲ? ನಿಶ್ಚಿತಾಳಿಗೇ ನಗು ಬರುತ್ತಿತ್ತು. ಹೋದ ತಿಂಗಳು ಕುರಿಯ ಮೆದುಳು ಕೊಯ್ಯುವ ವಿಡಿಯೊ ತೋರಿಸಿದಾಗ, ಬರೀ ವಿಡಿಯೊ ಕಣ್ರೀ, ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮಾಲವಿಕಾ ಮೇಡಂ ಮೆತ್ತಗೆ ಹೇಳಿದ್ದರು: “ಪ್ರಾಕ್ಟಿಕಲ್‌ನಲ್ಲೂ ಹಿಂಗೇ ಬಿದ್ರೆ ಸಂಖ್ಯಾಶಾಸ್ತ್ರಕ್ಕೆ ಹೋಗ್ಬಿಡು. ಅಲ್ಲಿ ರಕ್ತ ಇರಲ್ಲ.”

ಈ ಕೋರ್ಸಿಗಾಗಿ ಅವಳು ಎರಡು ದಿನ ಊಟ ಬಿಟ್ಟು ಹಟ ಹಿಡಿದಿದ್ದಳು. ಆ ಎರಡು ದಿನವೂ ಅಡುಗೆಮನೆಯಿಂದ ಕದ್ದು ಚಕ್ಕುಲಿ ತಿಂದದ್ದು ಬೇರೆ ಮಾತು. ಚಾಮರಾಜಪುರಂನಲ್ಲಿ ವಿಭೂತಿ, ರುದ್ರಾಕ್ಷಿ ಅಂಗಡಿ ಇಟ್ಟಿರುವ ಅಪ್ಪ ಮೃತ್ಯುಂಜಯ ಕೊನೆಗೆ ಸೋತು ಒಂದೇ ಮಾತು ಕೇಳಿದ್ದರು: “ಕುಯ್ಯೋದು ಗಿಯ್ಯೋದು ಏನೂ ಇಲ್ಲ ತಾನೇ?” “ಇಲ್ಲಪ್ಪ, ಬರೀ ಓದೋದು” ಎಂದು ಇವಳು ಸಲೀಸಾಗಿ ಸುಳ್ಳು ಹೇಳಿದ್ದಳು. ಈಗ ಕೋರ್ಸು ಬಿಟ್ಟು ಬಂದರೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ?

ಪ್ರಾಕ್ಟಿಕಲ್ ಮಂಗಳವಾರ ಬಂತು. ಪ್ರತಿಯೊಬ್ಬರೂ ಒಂದೊಂದು ಕುರಿಯ ಮೆದುಳು ತರಬೇಕು, ಭಾಗಗಳನ್ನು ಗುರುತಿಸಬೇಕು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯ ಹುಡುಗಿ ಬೆಳಿಗ್ಗೆಯೇ ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು, ಗುರುತಿನವರು ಯಾರೂ ಇಲ್ಲದ ಒಂಟಿಕೊಪ್ಪಲಿಗೆ ಸ್ಕೂಟರ್ ಓಡಿಸಿದಳು.

ಮಟನ್ ಅಂಗಡಿಯ ಶಿವರಾಮು ಕತ್ತಿ ಒರೆಸುತ್ತಾ ಕೇಳಿದ, “ಭೇಜಾನಾ? ಎಂಗ್ ಮಾಡ್ಕೊಡ್ಲವ್ವ? ಫ್ರೈಗಾ, ಸಾರಿಗಾ?”

ಕಾಲೇಜಿಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಿಂದೆ ನಾಲ್ಕು ಜನ ನಿಂತಿದ್ದರು. ಇವಳು ಹೊಸಬಳು ಅಂತ ಅವರಿಗೆ ಗೊತ್ತಾಗಿಬಿಟ್ಟರೆ? ಹುಟ್ಟಿದಾಗಿನಿಂದ ಮಾಂಸದಲ್ಲೇ ಬೆಳೆದವಳ ಗತ್ತಿನಲ್ಲಿ ನಿಶ್ಚಿತಾ ಹೇಳಿದಳು, “ಫ್ರೈಗೇ ಅಣ್ಣ. ನಮ್ಮನೇಲಿ ಯಾವಾಗ್ಲೂ ಫ್ರೈನೇ.” ಕೈಲಾಸ ಸೇರಿದ ಏಳು ತಲೆಮಾರಿನ ಹಿರಿಯರು ಆಗ ತಿರುಗಿ ನೋಡಿರಬೇಕು.

ಅವನು ಕೆಲಸ ಮುಗಿಸುವವರೆಗೂ ಕಣ್ಣು ಮುಚ್ಚಿಕೊಂಡು ಮೆದುಳಿನ ಭಾಗಗಳ ಹೆಸರು ಜಪಿಸಿದಳು. “ಹೊಸ ಗಿರಾಕಿ, ವಸಿ ಕೊಸರು ಆಕಿವ್ನಿ” ಎಂದು ಅವನು ಕವರ್ ಕೊಟ್ಟಾಗಲೂ ಒಳಗೆ ನೋಡಲಿಲ್ಲ.

ನೋಡಿದ್ದು ಲ್ಯಾಬಿನಲ್ಲಿ. ಎಲ್ಲರ ಟ್ರೇಯಲ್ಲೂ ಇಡೀ ಮೆದುಳು. ಇವಳ ಟ್ರೇಯಲ್ಲಿ ಪೊರೆ ಸುಲಿದು, ತೊಳೆದು, ಬಾಣಲೆಗೆ ಹಾಕುವುದೊಂದೇ ಬಾಕಿ ಇದ್ದ ಆರು ತುಂಡು! ಜೊತೆಗೆ ಕಡುಗೆಂಪಿನ ಇನ್ನೊಂದು. ಅಯ್ಯೋ ಶಿವನೇ, ಸಂಖ್ಯಾಶಾಸ್ತ್ರವೇ ಗತಿ ಎಂದುಕೊಂಡಳು. ತಿರುಗಿ ಅಂಗಡಿಗೆ ಓಡಲು ಹೊತ್ತಿರಲಿಲ್ಲ. ಅಳು ನುಂಗಿಕೊಂಡು ಕೈಗವಸು ಹಾಕಿ, ಲ್ಯಾಬಿನ ಆಯಾ ಚಲುವಮ್ಮನ ಹತ್ತಿರ ಹಲ್ಲುಕಡ್ಡಿ ಇಸಿದುಕೊಂಡು ತುಂಡುಗಳನ್ನು ಜೋಡಿಸತೊಡಗಿದಳು. ಮುಮ್ಮೆದುಳಿನ ಎರಡು ಹೋಳು ಕೂಡಿದವು. ಕಿರುಮೆದುಳು ಹಿಂದೆ ಕೂತಿತು. ಮೆದುಳಿನ ಕಾಂಡ ಒಂದು ಸಲ ತಲೆಕೆಳಗಾಗಿ, ಮತ್ತೆ ಸರಿಯಾಯಿತು. ಕೆಂಪು ತುಂಡು ಮಾತ್ರ ಎಲ್ಲೂ ಹೊಂದಲಿಲ್ಲ. ಬಹಳ ಯೋಚಿಸಿ ಅದನ್ನು ಮಧ್ಯಕ್ಕೆ ತುರುಕಿದಳು.

ಮಾಲವಿಕಾ ಮೇಡಂ ಬಂದು ಒಂದೊಂದನ್ನೇ ತೋರಿಸಿ ಕೇಳಿದರು. ಇವಳು ತಡವರಿಸದೆ ಹೇಳಿದಳು.

“ಮತ್ತೆ ಇದು?”

“ಅಮಿಗ್ಡಲಾ ಮೇಡಂ. ಭಯ ಹುಟ್ಟೋ ಜಾಗ. ರಕ್ತ ಜಾಸ್ತಿ ಹರಿಯೋದ್ರಿಂದ ಕೆಂಪಗಿದೆ.”

ಪಕ್ಕದಲ್ಲಿದ್ದ ಚಲುವಮ್ಮ ಬಗ್ಗಿ ನೋಡಿದಳು. “ನಿನ್ನ ಮನೆ ಕಾಯ್ವಾಗ! ಅದು ಲಿವರ್ ಕಣಮ್ಮ!”

ಇಡೀ ಲ್ಯಾಬು ಬಿದ್ದು ಬಿದ್ದು ನಕ್ಕಿತು. ನಿಶ್ಚಿತಾ ನಾಚಿಕೆಯಿಂದ ಸತ್ತೇಹೋದಳು. ಫ್ರೈ, ಕೊಸರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಕಣ್ಣೊರೆಸಿಕೊಳ್ಳುವಷ್ಟು ನಕ್ಕ ಮೇಡಂ ಆಮೇಲೆ ಕೇಳಿದರು, “ಎಷ್ಟು ಹೊತ್ತಿಂದ ಇದ್ರಲ್ಲಿ ಕೈ ಇಟ್ಕೊಂಡಿದೀಯಾ?”

ಅವಳು ಗಡಿಯಾರ ನೋಡಿದಳು. ನಲವತ್ತು ನಿಮಿಷ. ಬೀಳುವುದನ್ನು ಮರೆತೇಬಿಟ್ಟಿದ್ದಳು!

“ಲಿವರ್‌ಗೆ ಎರಡು ಮಾರ್ಕ್ಸ್ ಕಟ್. ಸಂಖ್ಯಾಶಾಸ್ತ್ರದೋರಿಗೆ ನೀನು ಬರಲ್ಲ ಅಂತ ಹೇಳ್ತೀನಿ” ಎಂದು ಮೇಡಂ ರೆಕಾರ್ಡಿಗೆ ಸಹಿ ಹಾಕಿದರು.

ಸಂಜೆ ಅಪ್ಪನ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಡಲು ಅವಳಿಗೆ ಮನಸ್ಸು ಬರಲಿಲ್ಲ. ಕೆಳಗೇ ನಿಂತಳು. “ಅಪ್ಪ, ಬರೀ ಓದೋದು ಅಂದಿದ್ದು ಸುಳ್ಳು. ಇವತ್ತು ಕುರಿ ಮೆದುಳು ಮುಟ್ಟಿದೆ. ನಾನೇ ಹೋಗಿ ಕೊಂಡ್ಕೊಂಡೆ.”

ವಿಭೂತಿ ಗಟ್ಟಿ ಜೋಡಿಸುತ್ತಿದ್ದ ಮೃತ್ಯುಂಜಯನವರ ಕೈ ನಿಂತಿತು. ಮುಖ ಗಂಟಿಕ್ಕಿತು.

“ಅಂಗಡಿಯೋನು ಏನ್ ಕೇಳ್ದ?”

“ಫ್ರೈಗಾ, ಸಾರಿಗಾ ಅಂತ.”

“ನೀನೇನಂದೆ?”

“ಫ್ರೈಗೆ ಅಂದೆ. ತುಂಡು ಮಾಡಿ ಕೊಟ್ಬುಟ್ಟ.”

ಅಪ್ಪ ತುಟಿ ಬಿಗಿ ಹಿಡಿದರು. ಕೋಪವೋ ನಗುವೋ ತಿಳಿಯಲಿಲ್ಲ. “ರುದ್ರಾಕ್ಷಿ ಕೇಳ್ದೋರ್ನ ನಾನೂ ಕೇಳಲ್ವೇನೆ, ಕೊರಳಿಗಾ, ಜಪಕ್ಕಾ ಅಂತ? ಯಾತಕ್ಕೆ ಅಂತ ನಿಜ ಹೇಳಿದ್ರೆ ತಾನೇ ಅಂಗಡಿಯೋನು ಸರಿಯಾದ್ದು ಕೊಡೋದು! ಮುಂದಿನ ಸಲ ಓದೋಕೆ ಅನ್ನು.” ಮತ್ತೆ ಗಟ್ಟಿಗಳ ಕಡೆ ತಿರುಗಿದರು. “ಹೋಗು, ಮೊದ್ಲು ಸ್ನಾನ ಮಾಡು.”