ಎಲ್ಲದಕ್ಕೂ ಆಯ್ತು ಎನ್ನುವ ಹುಡುಗಿ

ನನ್ನ ತಮ್ಮ ಉಮೇಶನ ಮಗಳು ನಯನಾಳಿಗೆ ಬೇಡ ಎನ್ನುವ ಮಾತೇ ಬಾಯಿಗೆ ಬರುವುದಿಲ್ಲ. ಹಗರೆ ಊರಿನ ಅವರ ಬೀದಿಯಲ್ಲಿ ಯಾರ ಮನೆಯ ಹಾಲನ್ನು ಡೈರಿಗೆ ಒಯ್ಯಬೇಕಾದರೂ ಅವಳೇ ಆಗಬೇಕು. ಮದುವೆಮನೆಯಲ್ಲಿ ಬಡಿಸುವವನು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಲು ಸಂಕೋಚ. ಹೊಟ್ಟೆ ಬಿರಿಯುವಷ್ಟು ತಿಂದು, ಮನೆಗೆ ಬಂದು ಜೀರಿಗೆ ಕಷಾಯ ಕುಡಿಯುತ್ತಾಳೆ. ಶಾಲೆಯಲ್ಲೂ ಹಾಗೆಯೇ. ಮೇಷ್ಟ್ರು ಓದು ಎಂದರು, ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಬಂತು.

ತೊಂದರೆ ಶುರುವಾದದ್ದು ಅಲ್ಲಿಂದ. ಪಿಯುಸಿಗೆ ಸೈನ್ಸ್ ತಗೋ ಎಂದು ಅಪ್ಪ ಹೇಳಿದ, "ಆಯ್ತಪ್ಪ" ಎಂದಳು. ಅರಸೀಕೆರೆಯ ಸೋದರಮಾವ ಫೋನಿನಲ್ಲಿ ಕಾಮರ್ಸ್ ಎಂದ, "ಆಯ್ತು ಮಾವ". ನಾನು ಆರ್ಟ್ಸ್ ಎಂದೆ, "ಆಯ್ತು ಅತ್ತೆ". ಮೂವರೂ ಗೆದ್ದೆವೆಂದುಕೊಂಡು ನೆಮ್ಮದಿಯಾಗಿ ಉಂಡು ಮಲಗಿದೆವು.

ನಾನು ಅನುಸೂಯಮ್ಮ, ಬೇಲೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳ ಸ್ವಭಾವ ನೋಡಿಯೇ ಅವಕ್ಕೆ ಯಾವ ವಿಷಯ ಹತ್ತುತ್ತದೆಂದು ಹೇಳಬಲ್ಲೆ. ಮೊಂಡರಿಗೆ ಸೈನ್ಸ್, ಲೆಕ್ಕ ಬಿಡಿಸದೆ ಮೇಲೇಳುವುದಿಲ್ಲ. ಕೊಟ್ಟ ಪೆನ್ಸಿಲನ್ನು ಮರೆಯದೆ ವಾಪಸು ಕೇಳುವವರಿಗೆ ಕಾಮರ್ಸ್. ಮೆತ್ತಗಿನವರಿಗೆ ಆರ್ಟ್ಸ್. ನಯನಾಳಿಗಿಂತ ಮೆತ್ತಗಿರುವುದು ಬೆಣ್ಣೆ ಮಾತ್ರ. ಇಂಥವಳನ್ನು ಸೈನ್ಸಿಗೆ ತಳ್ಳಿದರೆ ಲ್ಯಾಬಿನಲ್ಲಿ ಎಲ್ಲರ ಟೆಸ್ಟ್ ಟ್ಯೂಬ್ ತೊಳೆದುಕೊಂಡು ಕೂರುತ್ತಾಳೆ.

"ಆ ಮಗು ನಿನ್ನ ಮುಖ ನೋಡಿ ಹೂಂ ಅಂದಿದೆ ಕಣೋ. ಅದಕ್ಕೆ ಬೇಡ ಅನ್ನಕ್ಕೆ ಬರಲ್ಲ," ಎಂದು ಉಮೇಶನ ಜೊತೆ ಜಗಳ ತೆಗೆದೆ.

"ಬ್ಯಾಡ ಅಂತ ಅವಳೇ ಯೋಳ್ಲಿ, ಬಿಟ್ಬುಡ್ತೀನಿ," ಎಂದ.

ಸರಿ, ಅದನ್ನೇ ಕಲಿಸೋಣವೆಂದು ಅವಳನ್ನು ನನ್ನ ಮನೆಗೆ ಕರೆತಂದೆ. ಅವಳು "ಆಗಲ್ಲ" ಎನ್ನುವವರೆಗೂ ತಟ್ಟೆಗೆ ಅಕ್ಕಿರೊಟ್ಟಿ ಹಾಕುತ್ತಲೇ ಇರುವುದು ನನ್ನ ಪಾಠಕ್ರಮ. ಮೊದಲ ದಿನ ಹಿಟ್ಟು ಮುಗಿಯಿತೇ ಹೊರತು ಅವಳ ಬಾಯಿಂದ ಆ ಮಾತು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು "ಆಗಲ್ಲ ಅತ್ತೆ" ಎಂದಳು. ಆ ಖುಷಿಗೆ ನಾನು ಇನ್ನೊಂದು ರೊಟ್ಟಿ ಹಾಕಿದೆ. ಅದನ್ನೂ ತಿಂದಳು.

ಅಡ್ಮಿಷನ್ ದಿನ ಬೇಲೂರಿನ ಕಾಲೇಜಿನ ಕೌಂಟರ್ ಮುಂದೆ ನಾನು, ಉಮೇಶ, ನಯನಾ ಮೂವರೂ ನಿಂತೆವು. ಬಸ್ಸಿಳಿದಾಗಲೇ ಉಮೇಶನದು ಸೋತ ಮುಖ. ಚಿಕ್ಕಂದಿನಿಂದಲೂ ನನ್ನೊಡನೆ ಬಹಳ ಹೊತ್ತು ಜಗಳ ಆಡುವ ತ್ರಾಣ ಅವನಿಗಿಲ್ಲ.

"ಅಕ್ಕ ಯೋಳ್ದಂಗೇ ಆಗ್ಲಿ. ಆರ್ಟ್ಸ್ ಬರ್ಕಳಿ ಸಾರ್," ಎಂದುಬಿಟ್ಟ.

ಗುಮಾಸ್ತರು ಪೆನ್ನು ಎತ್ತಿದರು.

"ಆಗಲ್ಲ," ಎಂದಳು ನಯನಾ.

"ನಿಮ್ಮಪ್ಪ ಒಪ್ಪಾಯ್ತು ಕಣೇ. ಇನ್ನು ಅವನಿಗೆ ಹೇಳೋದು ಬೇಡ," ಎಂದೆ.

"ಅಪ್ಪಂಗಲ್ಲ ಅತ್ತೆ, ನಿಮಗೇ ಹೇಳ್ತಿರೋದು. ನನಗೆ ಸೈನ್ಸೇ ಬೇಕು."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ನಾನು ಆರ್ಟ್ಸ್ ಅಂದಾಗ ಆಯ್ತು ಅಂದ್ಯಲ್ಲ?"

"ನೀವು ಬೇಜಾರು ಮಾಡ್ಕೋತೀರ ಅಂತ."

"ನಿಮ್ಮಪ್ಪಂಗೂ ಹಂಗೇ ಅಂದ್ಯಲ್ಲ?"

"ಅಪ್ಪಂಗೆ ನಿಜವಾಗ್ಲೂ ಆಯ್ತು ಅಂದಿದ್ದು. ಯಾರೂ ನಂಬ್ಲಿಲ್ಲ."

ಎಲ್ಲದಕ್ಕೂ ಒಂದೇ ದನಿಯಲ್ಲಿ ಆಯ್ತು ಎನ್ನುವವಳ ನಿಜವಾದ ಆಯ್ತು ಯಾವುದೆಂದು ಯಾರಿಗೆ ಗೊತ್ತಾಗಬೇಕು? ಉಮೇಶ ಬಾಯಿ ಬಿಟ್ಟುಕೊಂಡು ಮಗಳನ್ನೇ ನೋಡುತ್ತಿದ್ದ. ನನಗೆ ಕೋಪ ಬಂತು, ಅವಮಾನವೂ ಆಯಿತು. ಹಿಂದೆ ಸಾಲಿನಲ್ಲಿದ್ದವರು ಬೇಗ ಮುಗಿಸಿ ಎಂದು ಗೊಣಗತೊಡಗಿದರು.

ಅಷ್ಟರಲ್ಲಿ ಹುಡುಗಿ ನನ್ನ ಮುಖ ನೋಡಿದಳು. ಈಗಷ್ಟೇ ಗಟ್ಟಿಯಾಗಿದ್ದ ಅವಳ ದನಿ ಮತ್ತೆ ಮೊದಲಿನಂತಾಯಿತು.

"ಬೇಜಾರಾಯ್ತಾ ಅತ್ತೆ? ಆಗಿದ್ರೆ..."

ಇನ್ನೊಬ್ಬರ ಮನಸ್ಸಿಗೆ ಹಿತವಾಗಲಿ ಎಂದು ಈವರೆಗೆ ಒಂದು ಮಾತನ್ನೂ ನಾನು ಆಡಿದವಳಲ್ಲ. ಆದರೆ ಈಗ ಹೌದು ಎಂದರೆ ಇವಳು ಆರ್ಟ್ಸಿಗೆ ಆಯ್ತು ಎಂದುಬಿಡುತ್ತಾಳೆ.

"ನನಗ್ಯಾಕೆ ಬೇಜಾರು?" ಎಂದೆ ನಗುನಗುತ್ತಾ. "ಬರ್ಕೊಳ್ಳಿ ಸಾರ್, ಸೈನ್ಸ್."