ಕನ್ನಡಿಯ ನೊರೆ

ವ್ಯಾನಿನ ಹಿಂಬಾಗಿಲು ತೆರೆಯಲು ಹೊರಟ ಡ್ರೈವರನಿಗೆ ಕನ್ನಡಿಯ ಹೆಂಡತಿ ಕೈ ಅಡ್ಡ ಹಿಡಿದಳು.

"ಈ ಗಾಡೀಲಿ ಅವರು ಬರೋಲ್ಲ."

"ಅಮ್ಮಾ, ಹೆಣದ ಗಾಡಿ ಅಂದ್ರೆ ಹೀಗೇ ಇರುತ್ತೆ. ಊರೆಲ್ಲ ಸುತ್ತಿ ಬರುತ್ತೆ."

"ಸುತ್ತಲಿ. ಬಾಗಿಲ ಮೇಲೆ ಹಕ್ಕಿ ಹಿಕ್ಕೆ ಒಣಗಿ ಕೂತಿದೆ ನೋಡಿ. ಇದನ್ನ ಕಂಡ್ರೆ ಅವರೇ ಎದ್ದು ಬಂದು ಒರೆಸ್ತಾರೆ."

ಅಳುತ್ತಿದ್ದವರಲ್ಲೇ ಒಬ್ಬಿಬ್ಬರು ನಕ್ಕುಬಿಟ್ಟರು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಿಂದಿನ ಸಂಜೆ ಬಟ್ಟೆ ಹಿಂಡುತ್ತ ಕೂತಲ್ಲೇ ಹೋದವನಿಗೆ ಕನ್ನಡಿ ಎಂಬ ಹೆಸರು ಬಂದದ್ದೇ, ಅವನು ತೊಳೆದ ಕಾರಿನ ಬಾಗಿಲು ನೋಡಿಕೊಂಡು ತಲೆ ಬಾಚಬಹುದು ಎಂಬ ಕಾರಣಕ್ಕೆ.

ಗೇಟಿನ ಬಳಿ ನಿಂತಿದ್ದ ನೊರೆಯಣ್ಣನಿಗೆ ಮಾತ್ರ ನಗು ಬರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಅವನದೂ ಕಾರು ತೊಳೆಯುವ ಶೆಡ್ಡೇ. ಮೆಷಿನ್ನಿನಿಂದ ಕಾರಿನ ಮೈತುಂಬ ನೊರೆ ಹೊಡೆಯುತ್ತಾನೆಂದು ಅವನಿಗೆ ಆ ಹೆಸರು. ಬೆಳಗಿನಿಂದ ಅವನು ಒಳಗೊಳಗೇ ಬೇಯುತ್ತಿದ್ದ. ಎಷ್ಟು ಜನ! ಎಲ್ಲ ಕನ್ನಡಿಯ ಗಿರಾಕಿಗಳು. ರಸ್ತೆಯುದ್ದಕ್ಕೂ ನಿಂತ ಅವರ ಕಾರುಗಳೋ, ಮದುವೆಗೆ ಬಂದವುಗಳ ಹಾಗೆ ಮಿರಮಿರ ಮಿಂಚುತ್ತಿದ್ದವು. ನಾನು ಸತ್ತರೆ ಇದರಲ್ಲಿ ಕಾಲು ಭಾಗವಾದರೂ ಬಂದೀತೇ ಎಂದುಕೊಂಡ. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡುವವನು ಮನುಷ್ಯನೇ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡ ಮಾತ್ರಕ್ಕೆ ಕಿಚ್ಚು ಆರುತ್ತದೆಯೇ?

ಕಪ್ಪು ಕಾರಿನ ಡಾಕ್ಟರು ಬೇರೆ ಪಕ್ಕದಲ್ಲೇ ನಿಂತು, "ಇನ್ನು ನನ್ನ ಕಾರಿನ ಗತಿ ಏನಪ್ಪಾ," ಎಂದು ನಿಟ್ಟುಸಿರು ಬಿಟ್ಟರು. ಅದೂ ಇವನ ಮುಖ ನೋಡಿಕೊಂಡೇ.

*

ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡವರು. ಕನ್ನಡಿ ಬಿಸಿಲಿನಲ್ಲಿ ಕಾರು ತೊಳೆಯುತ್ತಿರಲಿಲ್ಲ. ನೀರು ಒಣಗಿ ಕಲೆ ಕೂರುತ್ತದೆ. ಒಂದು ಬಕೆಟ್ಟಿನಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಹಿಕ್ಕೆ ಬಿದ್ದಿದ್ದರೆ ಉಜ್ಜುವ ಮಾತೇ ಇಲ್ಲ, ಒದ್ದೆ ಬಟ್ಟೆ ಹೊದಿಸಿ ನೆನೆಯಲು ಬಿಡುತ್ತಿದ್ದ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆ ಆಮೇಲೆ ಕಾರಿನ ಮೈ ಮುಟ್ಟುವಂತಿಲ್ಲ.

"ಮರಳಿನ ಒಂದು ಹರಳು ಸಾಕು ಕಣೋ, ಬಣ್ಣ ಗೀರಿ ಹೋಗೋಕೆ," ಅನ್ನುತ್ತಿದ್ದ.

"ನಿನ್ನ ಮಡಿ ನೀನೇ ಇಟ್ಕೋ," ಎಂದು ನೊರೆಯಣ್ಣ ಬಿದ್ದ ಬಟ್ಟೆಯನ್ನು ಕೊಡವಿ ಕೆಲಸ ಮುಂದುವರಿಸುತ್ತಿದ್ದ. ಸ್ವಂತ ಶೆಡ್ಡು ಹಾಕಿದ ಮೇಲೂ ಆ ಚಾಳಿ ಬಿಡಲಿಲ್ಲ. ಹಾಗೆ ಕೊಡವಿದ ಬಟ್ಟೆಯೇ ಒಂದು ದಿನ ಡಾಕ್ಟರ ಕಪ್ಪು ಕಾರಿನ ಬಾನೆಟ್ಟಿನ ತುಂಬ ಗೀರು ಎಳೆಯಿತು. ಮುಂದಿನ ವಾರ ಆ ಕಾರು ರಸ್ತೆ ದಾಟಿ ಕನ್ನಡಿಯ ಶೆಡ್ಡಿನಲ್ಲಿ ನಿಂತಿತ್ತು. ನೊರೆಯಣ್ಣ ಹಟಕ್ಕೆ ಬಿದ್ದು ಮೆಷಿನ್ನು ತಂದ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು.

"ಗೀರು ಬೀಳದ ಹಾಗೆ ತೊಳೆಯೋದು ಹೇಗೆ ಅಂತ ಎದುರಿಗಿರೋರನ್ನ ಒಂದು ಮಾತು ಕೇಳಿ ಬನ್ನಿ. ಏನು ಗಂಟು ಹೋಗುತ್ತೆ ನಿಮ್ದು?" ಎಂದಿದ್ದಳು ನೊರೆಯಣ್ಣನ ಹೆಂಡತಿ.

"ನನ್ನ ಹೆಣ ಕೂಡ ಆ ಗೇಟು ದಾಟಲ್ಲ!"

ಈಗ ದಾಟಿ ನಿಂತಿದ್ದ, ಕನ್ನಡಿಯ ಹೆಣ ನೋಡಲು.

*

"ನೊರೆಯಣ್ಣಾ, ಈ ಗಾಡೀನ ನೀವು ತೊಳೆದುಕೊಡ್ತೀರಾ?"

ಕನ್ನಡಿಯ ಹೆಂಡತಿ ಎಲ್ಲರೆದುರಿಗೇ ಕೇಳಿದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಒಲ್ಲೆ ಎನ್ನುವಂತಿಲ್ಲ, ತೊಳೆದದ್ದು ಸರಿಯಾಗದಿದ್ದರೆ ಇದ್ದ ಮಾನವೂ ಇಲ್ಲೇ ಹರಾಜು. ಅವಳ ಹಿಂದೆ ಕನ್ನಡಿಯ ಶೆಡ್ಡಿಗೆ ಹೋದ.

ಬಕೆಟ್ಟುಗಳು ಬೋರಲಾಗಿದ್ದವು. ಮೆತ್ತನೆಯ ಬಟ್ಟೆಗಳು ಮಡಿಸಿಟ್ಟ ಹಾಗೇ ಇದ್ದವು. ಮೂಲೆಯಲ್ಲಿ ಗೋಣಿಚೀಲದಡಿ ಏನೋ ಉಬ್ಬಿಕೊಂಡಿತ್ತು. ಎಳೆದು ನೋಡಿದರೆ ಗಿಡಕ್ಕೆ ಔಷಧಿ ಹೊಡೆಯುವ ಪಂಪು. ಅದಕ್ಕೆ ಸೈಕಲ್ ಟ್ಯೂಬಿನಿಂದ ಬಿಗಿದ ಹಿತ್ತಾಳೆ ನಳಿಗೆ.

"ಏನಕ್ಕಾ ಇದು?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಮೆಷಿನ್ ಬಂತಲ್ಲ, ಅವತ್ತಿಂದ ಇವರಿಗೆ ನಿದ್ದೆ ಇಲ್ಲ. 'ಅವನ ನೊರೆ ನೋಡೋಕೆ ದಾರೀಲಿ ಹೋಗೋರೆಲ್ಲ ನಿಲ್ತಾರೆ ಕಣೇ, ನನ್ನ ಬಕೆಟ್ ನೋಡೋಕೆ ಯಾವನು ನಿಲ್ತಾನೆ' ಅಂತ ಒಂದೇ ಸಂಕಟ. ಕದ್ದುಮುಚ್ಚಿ ಇದನ್ನ ಮಾಡಿದ್ರು. ಎಷ್ಟು ಒದ್ದಾಡಿದ್ರೂ ನೊರೆ ಬರ್ಲೇ ಇಲ್ಲ, ಬರೀ ಸೋಪು ನೀರು."

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ಹೇಳ್ತಿದ್ರಾ?"

ನೊರೆಯಣ್ಣ ಹೇಳುತ್ತಿರಲಿಲ್ಲ.

ಮೊದಲು ಬಂದದ್ದು ಖುಷಿ. ಕುಣಿಯುವಷ್ಟು ಖುಷಿ. ಕನ್ನಡಿ ತನ್ನನ್ನು ಕಂಡು ಕರುಬಿದ್ದ! ಇದನ್ನು ಹೆಂಡತಿಗೆ ಹೇಳಲೇಬೇಕು, ಊರಿಗೇ ಹೇಳಬೇಕು. ಆಮೇಲೆ, ನಾಳೆ ತಾನು ಮೆಷಿನ್ನು ಚಾಲೂ ಮಾಡಿದಾಗ ಹಾಗೆ ಕರುಬಿ ನೋಡುವವನು ಎದುರಿಗೆ ಇರುವುದಿಲ್ಲ ಎಂಬುದು ಹೊಳೆಯಿತು.

ನಳಿಗೆಯನ್ನು ತಿರುಗಿಸಿ ಬಿಚ್ಚಿದ. ಒಳಗೆ ಬರೀ ಟೊಳ್ಳು. ಗಾಳಿಯೂ ಸೋಪೂ ಸಿಕ್ಕಿಕೊಂಡು ಬೆರೆಯಲು ಅಲ್ಲೊಂದು ತಂತಿಬಲೆ ಇರಬೇಕಿತ್ತು, ಅಷ್ಟೇ.

"ಅಕ್ಕಾ, ಪಾತ್ರೆ ಉಜ್ಜೋ ತಂತಿ ಉಂಡೆ ಇದ್ರೆ ಕೊಡಿ."

ಅವಳು ಗಾಬರಿಯಾದಳು. "ಅಯ್ಯೋ, ಅದರಲ್ಲಿ ಗಾಡಿ ಉಜ್ತೀರಾ? ಅವರು ಕೇಳಿಸ್ಕೊಂಡ್ರೆ..."

"ಉಜ್ಜಲ್ಲಕ್ಕಾ. ಕೊಡಿ."

ವ್ಯಾನನ್ನು ಮರದ ನೆರಳಿಗೆ ತಳ್ಳಿಸಿದ. ಹಿಕ್ಕೆಯ ಮೇಲೆ ಹೊದಿಸಲು ಒದ್ದೆ ಬಟ್ಟೆ ಎತ್ತಿದರೆ, ಅದು ಕೈಜಾರಿ ನೆಲಕ್ಕೆ ಬಿತ್ತು. ರೂಢಿಯಂತೆ ಬಗ್ಗಿ ಎತ್ತಿಕೊಂಡ, ಕೊಡವಲು ಕೈ ಮೇಲೆ ಹೋಯಿತು. ಡಾಕ್ಟರು ನೋಡುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಆ ಬಟ್ಟೆಯನ್ನು ಮರದ ಬುಡದಲ್ಲಿಟ್ಟು ಬೇರೆಯದನ್ನು ತೆಗೆದುಕೊಂಡ.

ನಳಿಗೆಯೊಳಗೆ ತಂತಿಯ ಚೂರು ತುರುಕಿ ಪಂಪು ಒತ್ತಿದ. ಸೋಪು ನೀರು ಪಿಚಕ್ಕನೆ ಹಾರಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಒತ್ತಿದ. ನಳಿಗೆ ಒಮ್ಮೆ ಕೆಮ್ಮಿ, ಬೆಳ್ಳಗೆ, ದಪ್ಪಗೆ ಉಕ್ಕತೊಡಗಿತು. ಮನೆಯೊಳಗೆ ಕೂತಿದ್ದವರೂ ಹೊರಗೆ ಬಂದು ನಿಂತರು.

ಹೊಸ್ತಿಲಲ್ಲಿದ್ದ ಕನ್ನಡಿಯ ಹೆಂಡತಿ ಮಾತ್ರ ಒಳಕ್ಕೆ, ಮಲಗಿದ್ದವನ ಕಡೆಗೆ ತಿರುಗಿದಳು.

"ಬಂತು ಕಣ್ರೀ," ಅಂದಳು.

ನೊರೆಯಣ್ಣ ಕೈ ನಿಲ್ಲಿಸಲಿಲ್ಲ. ವ್ಯಾನಿನ ನೀಲಿ ಬಾಗಿಲು, ಅದರ ಮೇಲಿನ ಧೂಳು, ಕಿಟಕಿ, ಚಕ್ರ ಒಂದೂ ಕಾಣದಂತೆ ಬೆಳ್ಳಗೆ ಮುಚ್ಚಿಹೋಗುವವರೆಗೂ ಒತ್ತುತ್ತಲೇ ಇದ್ದ.