ಹಿಂದಿನ ಸೀಟಿಗೆ ಬಿಸಿಯಿಲ್ಲ

ನನ್ನ ಅತ್ತೆ ಪರಾಸ್ಕಾ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮನೆಯಲ್ಲಿ ಯಾರನ್ನೂ ಕೇಳದೆ, ಹಲ್ಲಿನ ಡಾಕ್ಟರೊಬ್ಬರು ಮಾರಲಿಟ್ಟಿದ್ದ ಹಳೆಯ ಎಲೆಕ್ಟ್ರಿಕ್ ಕಾರು ಕೊಂಡು ತಂದರು. ಅವರ ಮಗ, ಅಂದರೆ ನನ್ನ ಗಂಡ ಒರೆಸ್ಟ್, ಅಂಗಳದಲ್ಲಿ ಅದಕ್ಕೆ ಒಂದು ಸುತ್ತು ಹಾಕಿ, ಸತ್ತ ಹಸುವನ್ನು ನೋಡುವವನ ಹಾಗೆ ನಿಂತ.

“ಅಮ್ಮ, ಇದು ಮ್ಯಾನಿಟೋಬಾ. ಜನವರೀಲಿ ಇದು ಗೇಟು ದಾಟಲ್ಲ.”

“ನಿನ್ನ ಟ್ರಕ್ಕು ದಾಟುತ್ತಾ?”

“ರಾತ್ರಿ ಪ್ಲಗ್ ಹಾಕಿದ್ರೆ ದಾಟುತ್ತೆ.”

“ಇದೂ ಅಷ್ಟೇ ಕಣೋ.”

ಗಾಡಿಗೆ ಪ್ಲಗ್ ಹಾಕುವುದು ಕೆನಡಾದ ನಮ್ಮ ಈ ಕಡೆ ಹೊಸತೇನಲ್ಲ. ಚಳಿಗಾಲದಲ್ಲಿ ಪ್ರತಿ ಟ್ರಕ್ಕಿನ ಮೂತಿಯಿಂದಲೂ ಒಂದು ವೈರು ಜೋತಾಡುತ್ತಿರುತ್ತದೆ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಜಿನ್ನಿನೊಳಗಿನ ಹೀಟರ್ ರಾತ್ರಿಯಿಡೀ ಅದನ್ನು ಬೆಚ್ಚಗಿಡುತ್ತದೆ; ಮರೆತರೆ ಬೆಳಿಗ್ಗೆ ಗಾಡಿ ಏಳುವುದಿಲ್ಲ. ಮನೆಗೆ ಬಂದು ಬೂಟು ಬಿಚ್ಚುವ ಹಾಗೆ, ಯೋಚನೆಯಿಲ್ಲದೆ ಮಾಡುವ ಕೆಲಸ ಅದು. ಆದರೂ ಅತ್ತೆ ತಮ್ಮ ಕಾರಿಗೆ ಪ್ಲಗ್ ಹಾಕಿದ್ದು ಊರಿಗೆ ತಮಾಷೆಯಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ಕಡುಬಿಗೆ ಆಲೂಗಡ್ಡೆ ತುಂಬುತ್ತಾ ಕೂತ ಹೆಂಗಸರು ಬಿಡದೆ ಕೇಳುತ್ತಿದ್ದರು.

“ಮಳೇಲಿ ಪ್ಲಗ್ ಹಾಕಿದ್ರೆ ಶಾಕ್ ಹೊಡೆಯಲ್ವೇನೇ ಪರಾಸ್ಕಾ?”

“ಹೊಡೆಯುತ್ತೆ. ಅದಕ್ಕೇ ಒರೆಸ್ಟ್ ಕೈಲಿ ಹಾಕಿಸ್ತೀನಿ.”

“ತುಂಬಿದ ಮೇಲೂ ರಾತ್ರಿಯೆಲ್ಲಾ ಹಾಗೇ ಬಿಟ್ರೆ?”

“ಚೆಲ್ಲುತ್ತೆ. ಕೆಳಗೆ ಬಕೆಟ್ ಇಟ್ಟಿದ್ದೀನಿ.”

“ಕರೆಂಟ್ ಬಿಲ್ಲು ಜಾಸ್ತಿ ಬರಲ್ವಾ?”

“ನಿನ್ನ ಗಂಡ ಪೆಟ್ರೋಲ್ ಬಂಕಲ್ಲಿ ಕಾಫಿ, ಡೋನಟ್ ಅಂತ ಹಾಳು ಮಾಡ್ತಾನಲ್ಲ, ಅದಕ್ಕಿಂತ ಕಮ್ಮಿ.”

ನಿಜವಾದ ಉತ್ತರಗಳನ್ನು ಅವರು ನನಗೆ ಮಾತ್ರ ಹೇಳುತ್ತಿದ್ದರು. ಮಳೆಯಲ್ಲಿ ಏನೂ ಆಗುವುದಿಲ್ಲ. ತುಂಬಿದರೆ ತಾನೇ ನಿಲ್ಲುತ್ತದೆ. ಸಾಮಾನ್ಯ ಪ್ಲಗ್ಗಿನಲ್ಲಿ ಹಾಕಿದರೆ ದಿನಗಟ್ಟಲೆ ಬೇಕು. ಆದರೆ ನಮ್ಮ ಗ್ಯಾರೇಜಿನಲ್ಲಿ ಮಾವ ವೆಲ್ಡಿಂಗಿಗೆಂದು ಹಾಕಿಸಿದ್ದ ದಪ್ಪ ಪ್ಲಗ್ ಇತ್ತು. ಅದರಲ್ಲಿ ಸಂಜೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ತುಂಬುತ್ತದೆ. ಚಳಿಗೆ ಕಾರಿನ ಓಟ ಕಡಿಮೆಯಾಗುವುದು ಮಾತ್ರ ಸುಳ್ಳಲ್ಲ. ಒಳಗೆ ಹೀಟರ್ ಹಾಕಿದರೆ ಇನ್ನೂ ಕಡಿಮೆ.

ಒರೆಸ್ಟ್‌ನ ಸಿಟ್ಟು ಕಾರಿನ ಮೇಲಿರಲಿಲ್ಲ. ಇಷ್ಟು ವರ್ಷ ಅಮ್ಮ ಎಲ್ಲಿಗೆ ಹೋಗಬೇಕಾದರೂ ಮೊದಲು ಮಾವನನ್ನು, ಅವರು ಹೋದಮೇಲೆ ಇವನನ್ನು ಕೇಳಬೇಕಾಗಿತ್ತು. ಈಗ ಮಧ್ಯಾಹ್ನ ಮನೆಗೆ ಬಂದರೆ ಅಮ್ಮನೂ ಇಲ್ಲ, ಕಾರೂ ಇಲ್ಲ, ಒಲೆಯ ಮೇಲೆ ಊಟವೂ ಇಲ್ಲ. ಇದರಲ್ಲಿ ಯಾವುದು ಅವನಿಗೆ ಹೆಚ್ಚು ಚುಚ್ಚಿತೋ ನಾನು ಕೇಳಲಿಲ್ಲ.

ಜನವರಿಯಲ್ಲಿ ಒಂದು ಶನಿವಾರ ಡಾಫಿನ್ ಪಟ್ಟಣದಲ್ಲಿ ಹೆಂಗಸರ ಕರ್ಲಿಂಗ್ ಪಂದ್ಯ ಬಂತು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆ ಆಟದಲ್ಲಿ ಅತ್ತೆ ನಮ್ಮೂರ ತಂಡದ ನಾಯಕಿ. ಡಾಫಿನ್ ಐವತ್ತು ಕಿಲೋಮೀಟರ್. ಊಟದ ಮೇಜಿನ ಮುಂದೆ ಒರೆಸ್ಟ್ ಪಂಥ ಕಟ್ಟಿದ.

“ಮನೇಲಿ ತುಂಬಿಸ್ಕೊಂಡು ಹೊರಡು. ಬೇರೆಲ್ಲೂ ಚಾರ್ಜ್ ಮಾಡದೆ ಹೋಗಿ ವಾಪಸ್ ಬಾ. ಬಂದ್ರೆ, ನಾನು ಇನ್ನು ಆ ಕಾರಿನ ಮಾತೇ ಎತ್ತಲ್ಲ. ಬರ್ಲಿಲ್ಲ ಅಂದ್ರೆ ಕಾರು ಮಾರೋದು. ಆಮೇಲೆ ನೀನು ಎಲ್ಲಿಗೆ ಹೋಗ್ಬೇಕಾದ್ರೂ ನನ್ನ ಪಕ್ಕ ಕೂತ್ಕೊಂಡು ಹೋಗೋದು.”

“ಆಯ್ತು,” ಎಂದರು ಅತ್ತೆ, ಎಲೆಕೋಸಿನ ಸುರುಳಿಯನ್ನು ಫೋರ್ಕಿನಿಂದ ಕತ್ತರಿಸುತ್ತಾ.

“ನಾನು ಟ್ರಕ್ಕಲ್ಲಿ ಹಿಂದೆನೇ ಬರ್ತೀನಿ. ಎಳ್ಕೊಂಡು ಬರೋಕೆ ಹಗ್ಗ ತರ್ತೀನಿ.”

“ತಾ. ಬಟ್ಟೆ ಒಣಗಿಸೋಕೆ ಬೇಕಾಗಿತ್ತು.”

ನನ್ನ ಲೆಕ್ಕದಲ್ಲಿ ಕಾರು ಪೂರ್ತಿ ತುಂಬಿದ್ದರೆ ಆ ಚಳಿಯಲ್ಲೂ ಹೋಗಿಬರುವುದು ಕಷ್ಟವಿರಲಿಲ್ಲ. ಒರೆಸ್ಟ್‌ನ ಲೆಕ್ಕವೂ ಅದೇ ಆಗಿತ್ತೆಂದು ಶುಕ್ರವಾರ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಅತ್ತೆ ಕಾರನ್ನು ಗ್ಯಾರೇಜಿಗೆ ಹಾಕಿ ದಪ್ಪ ಪ್ಲಗ್ ಸಿಕ್ಕಿಸಿದರು. ಸಂಜೆ ಒರೆಸ್ಟ್ ಕೆಲಸದಿಂದ ಬಂದ. ಅವನ ಟ್ರಕ್ಕು ನಿಲ್ಲುವುದು ಅಡುಗೆಮನೆಯ ಗೋಡೆಯ ಪಕ್ಕ. ಅವತ್ತು ಅಲ್ಲಿ ಮಂಜು ಎದೆಮಟ್ಟ ಗುಡ್ಡೆ ಬಿದ್ದಿತ್ತು. ಅವನು ಬೈದುಕೊಂಡು ಟ್ರಕ್ಕನ್ನು ಗ್ಯಾರೇಜಿನ ಹೊರಗೋಡೆಗೆ ಒತ್ತಿ ನಿಲ್ಲಿಸಿದ, ಮೂತಿಯ ವೈರನ್ನು ಅಲ್ಲೇ ಇದ್ದ ಪ್ಲಗ್ಗಿಗೆ ಸಿಕ್ಕಿಸಿದ, ಒಳಗೆ ಬಂದು ಬೂಟು ಬಿಚ್ಚಿದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಊಟವಾದ ಮೇಲೆ ಅತ್ತೆ ಇಸ್ಪೀಟು ಹಂಚುತ್ತಿದ್ದರು. ಒರೆಸ್ಟ್ ಎದ್ದು, “ಉಪ್ಪಿನ ಸೌತೆಕಾಯಿ ತರ್ತೀನಿ,” ಎಂದು ನೆಲಮಾಳಿಗೆಗೆ ಇಳಿದ. ಊಟ ಮುಗಿದ ಮೇಲೆ ಸೌತೆಕಾಯಿ ಯಾಕೆಂದು ಯಾರೂ ಕೇಳಲಿಲ್ಲ. ಕೆಳಗಿನಿಂದ ಟಕ್ ಎಂದು ಸದ್ದು ಕೇಳಿತು. ಅವನು ಚೆರ್ರಿ ಜಾಮಿನ ಬಾಟಲಿ ಹಿಡಿದು ಮೇಲೆ ಬಂದ.

ನಾನು ಬಟ್ಟೆ ಒಗೆಯುವ ನೆಪ ಮಾಡಿ ಇಳಿದು ನೋಡಿದೆ. ಇಡೀ ಗ್ಯಾರೇಜಿಗೆ ಕರೆಂಟು ಹೋಗುವ ದೊಡ್ಡ ಸ್ವಿಚ್ಚು ಆಫ್ ಆಗಿ ಕೆಳಗೆ ಮಲಗಿತ್ತು. ಅತ್ತೆಯ ಕಾರಿಗೆ ಕರೆಂಟಿಲ್ಲ. ಅದೇ ಗ್ಯಾರೇಜಿನ ಹೊರಗೋಡೆಗೆ ಸಿಕ್ಕಿಸಿದ ಅವನ ಟ್ರಕ್ಕಿಗೂ ಇಲ್ಲ. ರಾತ್ರಿ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗಿಳಿಯುತ್ತದೆಂದು ರೇಡಿಯೋ ಹೇಳಿತ್ತು.

ಸ್ವಿಚ್ಚು ಮೇಲೆತ್ತಬಹುದಿತ್ತು. ಗಂಡನಿಗೆ ಒಂದು ಮಾತು ಹೇಳಬಹುದಿತ್ತು. ದೀಪ ಆರಿಸಿ ಮೇಲೆ ಬಂದು ನನ್ನ ಎಲೆಗಳನ್ನು ಎತ್ತಿಕೊಂಡೆ.

ಬೆಳಿಗ್ಗೆ ಟ್ರಕ್ಕು ಒಮ್ಮೆ ನರಳಿತು. ಎರಡನೇ ಸಲಕ್ಕೆ ಕೆಮ್ಮಿತು. ಒರೆಸ್ಟ್ ಬಿಡಲಿಲ್ಲ, ಕೀಲಿ ತಿರುಗಿಸಿ ತಿರುಗಿಸಿ ಅದರ ಬ್ಯಾಟರಿಯನ್ನು ಪೂರ್ತಿ ಕೊಂದುಹಾಕಿದ. ಆಮೇಲೆ ಕೆಳಗಿಳಿದು, ವೈರು ಎಲ್ಲಿಗೆ ಹೋಗಿದೆ ಎಂದು ನೋಡಿದ. ಅವನ ಮುಖ ನೋಡಲೆಂದೇ ನಾನು ಚಹಾ ಬಿಟ್ಟು ಹೊರಗೆ ಬಂದಿದ್ದೆ.

“ಪ್ಲಗ್ ಹಾಕಿದ್ದೆ ತಾನೆ?” ಅತ್ತೆ ಕೇಳಿದರು.

“ಹಾಕಿದ್ದೆ.”

“ಮತ್ತೆ ಯಾಕೆ ಹೀಗಾಯ್ತು?”

ಅದಕ್ಕೆ ಅವನ ಬಳಿ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ.

ಅತ್ತೆಯ ಕಾರು ಸದ್ದಿಲ್ಲದೆ ಗ್ಯಾರೇಜಿನಿಂದ ಹಿಂದಕ್ಕೆ ಬಂತು. ಬ್ಯಾಟರಿ ತೋರಿಸುತ್ತಿದ್ದುದು ನೂರಕ್ಕೆ ಅರವತ್ತೆಂಟು. ಅವರು ಹುಬ್ಬು ಕೂಡ ಹಾರಿಸಲಿಲ್ಲ. “ಸಾಕ್ಷಿ ನೋಡೋಕೆ ಬರ್ತೀಯೋ, ಮನೇಲಿ ಇರ್ತೀಯೋ?” ಎಂದರು. ನಾನು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದೆ. ಒರೆಸ್ಟ್ ಹಿಂದಿನ ಬಾಗಿಲು ತೆಗೆದು, ಮಂಜುಗಡ್ಡೆ ಉಜ್ಜುವ ಕರ್ಲಿಂಗ್ ಪೊರಕೆಗಳ ಪಕ್ಕ ಮಂಡಿ ಮಡಚಿ ಕೂತ.

ಹೋಗುವಾಗ ಹೀಟರ್ ಸಣ್ಣಗೆ ಓಡುತ್ತಿತ್ತು. ಪಂದ್ಯದಲ್ಲಿ ಅತ್ತೆಯ ತಂಡ ಕೆಟ್ಟದಾಗಿ ಸೋತಿತು; ಕೊನೆಯ ಕಲ್ಲನ್ನು ಅವರೇ ಗೋಡೆಗೆ ಹೊಡೆದರು. ಮೂರು ಗಂಟೆ ಹೊರಗೆ ನಿಂತ ಕಾರು ಹಲಗೆಯಂತೆ ಸೆಟೆದುಕೊಂಡಿತ್ತು. ಸೋತ ಸಿಟ್ಟಿನಲ್ಲಿ ಅವರು ಧೊಪ್ಪನೆ ಕೂತು ಬ್ಯಾಟರಿ ನೋಡಿದರು. ಇಪ್ಪತ್ತೊಂಬತ್ತು.

“ಹೀಟರ್ ಹಾಕಿದ್ರೆ ಮನೆ ಮುಟ್ಟಲ್ಲ,” ಎಂದರು. “ಹಾಕಲ್ಲ.”

ಮುಂದಿನ ಎರಡು ಸೀಟುಗಳಲ್ಲಿ ಕೆಳಗಿನಿಂದ ಬಿಸಿಯೇರುವ ಏರ್ಪಾಟಿದೆ. ಅದಕ್ಕೆ ಖರ್ಚು ತೀರಾ ಕಡಿಮೆ. ನಾವಿಬ್ಬರೂ ಗುಂಡಿ ಒತ್ತಿದೆವು. ಹಿಂದೆ ಆ ಗುಂಡಿಯೇ ಇಲ್ಲ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ನಮ್ಮ ಉಸಿರು ಗಾಜಿನ ಒಳಗಡೆ ಹೆಪ್ಪುಗಟ್ಟಿತು.

“ಒರೆಸ್ಟ್, ಸುಮ್ನೆ ಕೂರಬೇಡ. ಹಿಂದಿನ ಗಾಜು ಕೆರಿ.”

ಅವನು ಲೈಬ್ರರಿ ಕಾರ್ಡಿನಿಂದ ಕೆರೆಯತೊಡಗಿದ. ಮಂಜಿನ ಪುಡಿ ಅವನ ಕಾಲರಿನೊಳಗೇ ಬಿತ್ತು.

“ಅಮ್ಮ, ಒಂದೈದು ನಿಮಿಷ ಹೀಟರ್ ಹಾಕಮ್ಮ.”

“ದಾರೀಲಿ ನಿಂತು ಹೋದ್ರೆ? ಕಾರು ಮಾರ್ಬೇಕಲ್ಲಪ್ಪ.”

“ಯಾರದಾದ್ರೂ ಮನೇಲಿ ಸ್ವಲ್ಪ ಚಾರ್ಜ್ ಮಾಡ್ಕೋ.”

“ಬೇರೆಲ್ಲೂ ಮಾಡಬಾರದು ಅಂದಿದ್ದು ಯಾರು? ನಾನಾ? ಲಾರಿಸಾ, ನೀನೇನಾದ್ರೂ ಅಂದ್ಯಾ?”

“ಇಲ್ಲ ಅತ್ತೆ. ನನ್ನ ಬೆನ್ನು ಬೆಚ್ಚಗೇ ಇದೆ.”

“ನೀನು ಸುಮ್ನಿರೇ,” ಎಂದ ಒರೆಸ್ಟ್. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಬ್ಯಾಟರಿ ಹದಿನಾಲ್ಕು. ಇನ್ನೂ ಇಪ್ಪತ್ತೈದು ಕಿಲೋಮೀಟರ್. ಹೀಟರ್ ಇಲ್ಲದೆಯೂ ಮುಟ್ಟುತ್ತೇವೋ ಇಲ್ಲವೋ, ನನಗೆ ಈಗ ಖಾತ್ರಿಯಿರಲಿಲ್ಲ. ಅತ್ತೆಯ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳಿಚಿಕೊಂಡಿದ್ದವು. ಕಾರು ಹೋದರೆ ಅವರು ಮತ್ತೆ ಮಗನನ್ನು ಕೇಳಿ ಹೊರಡಬೇಕು. ತಮಾಷೆಯೆಲ್ಲ ಆ ಬೆರಳುಗಳಿಗೆ ಬಂದು ನಿಂತುಹೋಗಿತ್ತು.

ಅತ್ತೆ ವೇಗ ಇಳಿಸಿದರು. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆದು ದಾಟಿಹೋಯಿತು.

“ಅಮ್ಮ, ಕಾಲ್ಬೆರಳು ಗೊತ್ತಾಗ್ತಿಲ್ಲ.”

“ಒಂದು ವಿಷಯ ಕೇಳ್ಲಾ?” ಅತ್ತೆ ಕನ್ನಡಿಯಲ್ಲಿ ಮಗನನ್ನು ನೋಡಿದರು. “ನಿನ್ನೆ ಇಸ್ಪೀಟು ಹಂಚ್ತಿದ್ದಾಗ ನನ್ನ ಫೋನ್ ಗುಂಯ್ ಅಂತು. ಕಾರೇ ಕಳಿಸಿದ್ದು. ಚಾರ್ಜ್ ನಿಂತಿದೆ, ಕರೆಂಟ್ ಬರ್ತಿಲ್ಲ ಅಂತ. ನೀನು ಆಗ ಕೆಳಗೆ ಜಾಮ್ ಹುಡುಕ್ತಿದ್ದೆ.”

ಒರೆಸ್ಟ್ ಮತ್ತೆ ಗಾಜು ಕೆರೆಯತೊಡಗಿದ.

“ಗೊತ್ತಿದ್ದೂ ಸುಮ್ನಿದ್ರಾ ಅತ್ತೆ?” ನಾನು ಕೇಳಿದೆ.

“ಟ್ರಕ್ಕು ಎಲ್ಲಿ ನಿಂತಿತ್ತು ಅಂತ ನಂಗೂ ಕಿಟಕೀಲಿ ಕಾಣ್ಸುತ್ತಮ್ಮ.”

“ನಿಮ್ಮಿಬ್ಬರಿಗೂ ಗೊತ್ತಿತ್ತಾ?” ಒರೆಸ್ಟ್ ಕೂಗಿದ. ಬಾಯಿಂದ ಬಿಳಿ ಹೊಗೆ ಬಂತು.

“ಏನು ಗೊತ್ತಿತ್ತಾ?” ಎಂದರು ಅತ್ತೆ. “ಹೇಳು. ನಾವು ಕೇಳ್ತಿದ್ದೀವಿ.”

ಒಂದು ಕಿಲೋಮೀಟರ್ ಹೋಯಿತು. ಬ್ಯಾಟರಿ ಹದಿಮೂರಕ್ಕಿಳಿಯಿತು.

“ಸ್ವಿಚ್ಚು ನಾನೇ ಆಫ್ ಮಾಡಿದೆ,” ಎಂದ.

“ಯಾಕೆ?”

“ನೀನು ಸೋಲ್ಲಿ ಅಂತ.”

“ಕರ್ಲಿಂಗಲ್ಲಿ ಕಲ್ಲಿಗೆ ಕಾಲು ತಾಗಿಸಿದವನು ತಾನೇ ಹೇಳಿ ಕಲ್ಲನ್ನ ತೆಗೆದಿಡಬೇಕು. ಈ ಪಂಥದಲ್ಲೂ ನಿನ್ನ ಕಲ್ಲು ತೆಗೆದ್ಯಾ, ಸೋತೆ ಅಂತ ಒಪ್ಕೊಂಡ್ಯಾ?”

“ತೆಗೆದೆ ತಾಯಿ. ನೀನೇ ಗೆದ್ದೆ. ಕಾರಿನ ಮಾತೆತ್ತಲ್ಲ. ಹೀಟರ್ ಹಾಕು.”

ಅತ್ತೆ ಹೀಟರನ್ನು ಕೊನೆಯವರೆಗೆ ತಿರುಗಿಸಿದರು. ಪಂಥ ಮುಗಿದಿದ್ದರಿಂದ ಎಲ್ಲಿ ಬೇಕಾದರೂ ಚಾರ್ಜ್ ಮಾಡಬಹುದಿತ್ತು. ಮುಂದಿನ ತಿರುವಿನಲ್ಲಿ ವಸಿಲ್‌ನ ಹೊಲದ ಮನೆಗೆ ಹೊರಳಿಸಿದರು. ವಸಿಲ್ ಮಾವನ ಹಳೆಯ ಗೆಳೆಯ. ಅವನ ಕೊಟ್ಟಿಗೆಯಲ್ಲೂ ವೆಲ್ಡಿಂಗಿನ ಪ್ಲಗ್ ಇತ್ತು. ಕಾರು ಕರೆಂಟು ಕುಡಿಯತೊಡಗಿದ ಮೇಲೆ ನಾವು ಅವನ ಅಡುಗೆಮನೆಯಲ್ಲಿ ಬಿಸಿ ಬೋರ್ಷ್ ಸೂಪಿನ ಮುಂದೆ ಕೂತೆವು. ಒರೆಸ್ಟ್ ಸೂಪು ಕುಡಿಯುವ ಬದಲು ಬಟ್ಟಲನ್ನು ತಬ್ಬಿಕೊಂಡಿದ್ದ.

“ಟ್ರಕ್ಕು ಬಿಟ್ಟು ಅಮ್ಮನ ಕಾರಲ್ಲಿ ಬಂದಿದ್ದೀಯಲ್ಲ ಮರಿ?” ವಸಿಲ್ ಕಣ್ಣು ಕಿರಿದು ಮಾಡಿ ಕೇಳಿದ.

“ಎಂಜಿನ್ ಏಳ್ಲಿಲ್ಲ.”

“ಪ್ಲಗ್ ಹಾಕೋಕೆ ಮರೆತ್ಯಾ?”

ಒರೆಸ್ಟ್ ನನ್ನ ಕಡೆ ನೋಡಿದ. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ.

“ಹೂಂ,” ಎಂದ. ನಮ್ಮ ಕಡೆ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ವಸಿಲ್ ಮೇಜು ಬಡಿದು ಬಡಿದು ನಕ್ಕ. ಭಾನುವಾರ ಚರ್ಚಿನ ಹೊತ್ತಿಗೆ ಇಡೀ ಊರಿಗೆ ಇದು ಮುಟ್ಟುತ್ತದೆ.

ಸೂಪು ತಳ ಕಂಡಾಗ ಒರೆಸ್ಟ್‌ಗೆ ಇನ್ನೊಂದು ವಿಷಯ ಹೊಳೆಯಿತು. ಟ್ರಕ್ಕಿಗೆ ಹೊಸ ಬ್ಯಾಟರಿ ತರಿಸಲು ವಾರವಾಗುತ್ತದೆ. ಅಂಗಡಿಯವನು ವಿನ್ನಿಪೆಗ್‌ಗೆ ಹೇಳಿಕಳಿಸಬೇಕು.

“ಅಮ್ಮ, ಸೋಮವಾರ ನಾನು ಕೆಲಸಕ್ಕೆ ಹೇಗೆ ಹೋಗ್ಲಿ?”

“ಏಳಕ್ಕೆ ಹೊರಡ್ತೀನಿ. ಅಷ್ಟೊತ್ತಿಗೆ ತಯಾರಾಗಿದ್ರೆ ಬಿಟ್ಟು ಬರ್ತೀನಿ.”

“ಮುಂದಿನ ಸೀಟಲ್ಲಿ ಕೂರ್ತೀನಿ.”

“ಆಗಲ್ಲಪ್ಪ. ಲಾರಿಸಾ ಬರ್ತಾಳೆ.”

ಸೋಮವಾರ ಬೆಳಿಗ್ಗೆ ಏಳಕ್ಕೆ ಎಲ್ಲಿಗೂ ಹೋಗುವ ಕೆಲಸ ನನಗಿರಲಿಲ್ಲ. ಬೆಣ್ಣೆ ಸವರಿದ ಬ್ರೆಡ್ಡನ್ನು ಕಚ್ಚಿ, “ಹೂಂ, ಬರ್ಲೇಬೇಕು,” ಎಂದೆ.